ಸೇವೆಯ ನಡುವೆಯೇ ಸಂಶೋಧನೆ: ಕ್ರೈಸ್ತ ನಾಯಕತ್ವದಲ್ಲಿ ಡಾಕ್ಟರೇಟ್

ಸಭೆ, ಶಾಲೆ, ಆಸ್ಪತ್ರೆ, ಅನಾಥಾಲಯ, ದೇವಶಾಸ್ತ್ರದ ಕಾಲೇಜು ಮುಂತಾದ ಕಡೆ ಹೊಣೆ ಹೊತ್ತವರು ಆ ಹೊಣೆಯನ್ನೇ ಅಧ್ಯಯನದ ವಸ್ತುವಾಗಿಸಿಕೊಂಡು ಮಾಡುವ ಉನ್ನತ ವ್ಯಾಸಂಗವೇ ಕ್ರೈಸ್ತ ನಾಯಕತ್ವದ ಡಾಕ್ಟರೇಟ್. ಆಗಷ್ಟೇ ಸ್ನಾತಕೋತ್ತರ ಪದವಿ ಮುಗಿಸಿದ ಎಳೆಯರು ಇದಕ್ಕೆ ಸೇರುವುದು ಕಡಿಮೆ. ಹತ್ತು ಹದಿನೈದು ವರ್ಷ ಸೇವೆಯಲ್ಲಿ ಪಳಗಿದ, ಮನೆ ಮಕ್ಕಳ ಜವಾಬ್ದಾರಿ ಇರುವ ನಡುವಯಸ್ಸಿನವರೇ ಹೆಚ್ಚು. ನಾಲ್ಕೈದು ವರ್ಷ ಎಲ್ಲವನ್ನೂ ಬಿಟ್ಟು ದೂರದ ವಿಶ್ವವಿದ್ಯಾಲಯದ ಹಾಸ್ಟೆಲ್ ಸೇರಲು ಅವರಿಗೆ ಆಗದು. ಅಂಥವರಿಗಾಗಿ ರೂಪುಗೊಂಡದ್ದು ಮಿಶ್ರ ಕಲಿಕೆಯ ಕ್ರಮ. ವರ್ಷದಲ್ಲಿ ಕೆಲವು ವಾರ ಕಾಲೇಜಿನಲ್ಲೇ ಉಳಿದು ಕಲಿಯುವುದು, ಮಿಕ್ಕ ತಿಂಗಳುಗಳಲ್ಲಿ ತಮ್ಮ ಊರಿನಲ್ಲೇ ಇದ್ದು ಓದು, ಆನ್‌ಲೈನ್ ತರಗತಿ, ಕ್ಷೇತ್ರಕಾರ್ಯ, ಬರವಣಿಗೆ ನಡೆಸುವುದು ಇದರ ಮೂಲ ಚೌಕಟ್ಟು.

ಇಂಥ ವ್ಯಾಸಂಗ ಬೇಕಾದದ್ದಕ್ಕೆ ಕಾರಣ ಸಭಾಪಾಲಕರ ದಿನಚರಿಯಲ್ಲೇ ಇದೆ. ಭಾನುವಾರದ ಪ್ರಸಂಗ ಅವರ ಕೆಲಸದ ಒಂದು ಪಾಲು ಮಾತ್ರ. ಸಭೆಯ ಶಾಲೆಗೆ ಶಿಕ್ಷಕರ ನೇಮಕ, ಆಸ್ತಿಯ ಬಗ್ಗೆ ನ್ಯಾಯಾಲಯದಲ್ಲಿರುವ ದಾವೆ, ಕಮಿಟಿ ಚುನಾವಣೆಯ ಜಗಳ, ಊರು ಬಿಟ್ಟು ನಗರ ಸೇರಿದ ಯುವಕರು, ಹಾಸಿಗೆ ಹಿಡಿದ ಹಿರಿಯರು, ಲೆಕ್ಕಪತ್ರದ ಆಡಿಟ್ ಎಲ್ಲವೂ ಅವರ ತಲೆಯ ಮೇಲೆಯೇ ಬರುತ್ತವೆ. ಕರ್ನಾಟಕದಲ್ಲಂತೂ ಕ್ರೈಸ್ತ ಸಂಸ್ಥೆಗಳ ಹರಹು ದೊಡ್ಡದು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಷ್ಟು ಹಳೆಯದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ನೂರು ವರ್ಷ ದಾಟಿದೆ. ಇವುಗಳನ್ನು ನಡೆಸುವವರು ವೈದ್ಯರೂ ಆಡಳಿತಗಾರರೂ ಆಗಿರಬೇಕು, ಸೇವೆಯ ಮನೋಭಾವವನ್ನೂ ಉಳಿಸಿಕೊಳ್ಳಬೇಕು. ದೇವಶಾಸ್ತ್ರದ ಬಿ.ಡಿ. ಪದವಿಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್, ಸಭಾ ಚರಿತ್ರೆ, ಪ್ರಸಂಗಕಲೆ ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಅಧಿಕಾರವನ್ನು ಹೇಗೆ ಹಂಚಿಕೊಳ್ಳಬೇಕು, ಮುಂದಿನವರನ್ನು ಹೇಗೆ ಬೆಳೆಸಬೇಕು, ಒಡೆದ ಸಭೆಯನ್ನು ಹೇಗೆ ಕೂಡಿಸಬೇಕು ಎಂಬುದು ಅನುಭವದಿಂದಲೇ ಬರಬೇಕು ಎಂದು ಬಿಟ್ಟುಬಿಡುತ್ತಾರೆ. ಬರಿಯ ಅನುಭವ ಮಾತ್ರ ಸಾಲದು. ಅದನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸದಿದ್ದರೆ, ಇಪ್ಪತ್ತು ವರ್ಷದ ಸೇವೆಯಲ್ಲೂ ಒಂದೇ ತಪ್ಪು ಮರುಕಳಿಸುತ್ತಿರಬಹುದು.

ಈ ಕ್ಷೇತ್ರದಲ್ಲಿ ಮುಖ್ಯವಾಗಿ ಎರಡು ಬಗೆಯ ಪದವಿಗಳಿವೆ. ಒಂದು ಎಲ್ಲರಿಗೂ ಗೊತ್ತಿರುವ ಪಿಎಚ್‌.ಡಿ. ಹೊಸ ಜ್ಞಾನವನ್ನು ಸೇರಿಸುವುದು ಅದರ ಗುರಿ. ದೊಡ್ಡ ಮಹಾಪ್ರಬಂಧ ಅದರ ಫಲ. ಇನ್ನೊಂದು ವೃತ್ತಿಪರ ಡಾಕ್ಟರೇಟ್. ಅದರಲ್ಲಿ ಹೆಚ್ಚು ಹೆಸರಾದದ್ದು ಡಾಕ್ಟರ್ ಆಫ್ ಮಿನಿಸ್ಟ್ರಿ, ಅಂದರೆ ಡಿ.ಮಿನ್. ಇದು ಅಮೆರಿಕದ ಸೆಮಿನರಿಗಳಲ್ಲಿ ಹುಟ್ಟಿದ್ದು. ವೈದ್ಯರಿಗೂ ವಕೀಲರಿಗೂ ವೃತ್ತಿಯ ಡಾಕ್ಟರೇಟ್ ಇರುವಾಗ ಸಭಾಪಾಲಕರಿಗೆ ಯಾಕೆ ಬೇಡ ಎಂಬ ಚರ್ಚೆ 1960ರ ದಶಕದಲ್ಲಿ ಅಲ್ಲಿ ಜೋರಾಗಿತ್ತು. 1970ರ ಸುಮಾರಿಗೆ ಅಮೆರಿಕ ಮತ್ತು ಕೆನಡಾದ ದೇವಶಾಸ್ತ್ರೀಯ ಶಾಲೆಗಳ ಒಕ್ಕೂಟ ಈ ಪದವಿಗೆ ಮಾನದಂಡಗಳನ್ನು ಒಪ್ಪಿಕೊಂಡಿತು. ನಾಯಕತ್ವದ ಹೆಸರಿನಲ್ಲೇ ಪದವಿ ಕೊಡುವ ಸಂಸ್ಥೆಗಳು ಆಮೇಲೆ ಬಂದವು. ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿಯ ಜಾಗತಿಕ ನಾಯಕತ್ವದ ಡಾಕ್ಟರೇಟ್ ಅಂಥದೊಂದು. ಅದೇ ಸೆಮಿನರಿಯ ಪ್ರಾಧ್ಯಾಪಕ ರಾಬರ್ಟ್ ಕ್ಲಿಂಟನ್ ಅವರು ಬೈಬಲಿನ ಕಾಲದಿಂದ ಇಂದಿನವರೆಗಿನ ಅನೇಕ ಕ್ರೈಸ್ತ ನಾಯಕರ ಜೀವನಗಳನ್ನು ಹೋಲಿಸಿ ನೋಡಿ, ನಾಯಕನೊಬ್ಬ ಬದುಕಿನುದ್ದಕ್ಕೂ ಯಾವ ಹಂತಗಳಲ್ಲಿ ರೂಪುಗೊಳ್ಳುತ್ತಾನೆ ಎಂಬುದನ್ನು 1988ರಲ್ಲಿ ಪುಸ್ತಕವಾಗಿ ತಂದರು. ನಾಯಕತ್ವವನ್ನು ಜೀವನಚರಿತ್ರೆಗಳ ಮೂಲಕ ಶಾಸ್ತ್ರೀಯವಾಗಿ ಓದಬಹುದು ಎಂದು ಈ ವಿಷಯದ ವಿದ್ಯಾರ್ಥಿಗಳಿಗೆ ಅದು ತೋರಿಸಿಕೊಟ್ಟಿತು.

ಈ ಎರಡು ಬಗೆಯ ಪದವಿಗಳಲ್ಲಿ ಯಾವುದು ಮೇಲು ಎಂದು ಕೇಳುವವರಿದ್ದಾರೆ. ಕಾಲೇಜಿನಲ್ಲಿ ಪಾಠ ಹೇಳಬೇಕೆಂದಿರುವವರಿಗೆ ಪಿಎಚ್‌.ಡಿ. ಬೇಕು. ಇರುವ ಸೇವೆಯನ್ನೇ ಆಳವಾಗಿಸಿಕೊಳ್ಳಬೇಕೆಂದಿರುವವರಿಗೆ ವೃತ್ತಿಪರ ಡಾಕ್ಟರೇಟ್ ಹೆಚ್ಚು ಒದಗುತ್ತದೆ. ವೃತ್ತಿಪರ ಪದವಿಯನ್ನು ಸುಲಭದ ದಾರಿ ಎಂದುಕೊಂಡು ಆರಿಸಿಕೊಳ್ಳುವುದು ದೊಡ್ಡ ತಪ್ಪು. ಒಳ್ಳೆಯ ಸಂಸ್ಥೆಗಳಲ್ಲಿ ಅದರ ಪರೀಕ್ಷಕರು ಕೇಳುವ ಪ್ರಶ್ನೆಗಳು ಪಿಎಚ್‌.ಡಿ. ಪರೀಕ್ಷಕರ ಪ್ರಶ್ನೆಗಳಷ್ಟೇ ಬಿಗಿಯಾಗಿರುತ್ತವೆ.

ಊರು ಬಿಡದೆ ದೇವಶಾಸ್ತ್ರ ಕಲಿಯುವ ಕ್ರಮ ಇಂಟರ್‌ನೆಟ್‌ಗಿಂತ ಬಹಳ ಹಿಂದಿನದು. 1963ರಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾದ ಪ್ರೆಸ್‌ಬಿಟೇರಿಯನ್ ಸೆಮಿನರಿ ಒಂದು ಕಷ್ಟವನ್ನು ಎದುರಿಸಿತು. ಹಳ್ಳಿಯ ಸಭೆಗಳನ್ನು ನಿಜವಾಗಿ ನಡೆಸುತ್ತಿದ್ದವರು ರೈತರು, ಕೂಲಿಗಳು, ಸಂಸಾರಸ್ಥರು. ಅವರಿಗೆ ಸೆಮಿನರಿಗೆ ಬರಲು ಆಗುತ್ತಿರಲಿಲ್ಲ. ಸೆಮಿನರಿಗೆ ಬರುತ್ತಿದ್ದ ಯುವಕರಲ್ಲಿ ಹಲವರು ಓದು ಮುಗಿದ ಮೇಲೆ ಹಳ್ಳಿಗೆ ಮರಳುತ್ತಿರಲಿಲ್ಲ. ಆಗ ರಾಲ್ಫ್ ವಿಂಟರ್, ಜೇಮ್ಸ್ ಎಮರಿ, ರಾಸ್ ಕಿನ್ಸ್‌ಲರ್ ಮುಂತಾದವರು ಪಾಠವನ್ನೇ ವಿದ್ಯಾರ್ಥಿಗಳ ಬಳಿಗೆ ಒಯ್ದರು. ಮನೆಯಲ್ಲಿ ಓದಲು ಸ್ವಬೋಧಿನಿ ಪುಸ್ತಕಗಳು, ಗೊತ್ತಾದ ದಿನ ಹತ್ತಿರದ ಕೇಂದ್ರದಲ್ಲಿ ಗುರುವಿನ ಜೊತೆ ಚರ್ಚೆ. ಈ ಪದ್ಧತಿ ಬಹುಬೇಗ ಭಾರತಕ್ಕೂ ಬಂತು. 1971ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟಾಫ್ಟೀ ಸಂಸ್ಥೆ ಕೆಲಸದಲ್ಲಿರುವ ಸಾಮಾನ್ಯ ವಿಶ್ವಾಸಿಗಳಿಗೂ ದೇವಶಾಸ್ತ್ರವನ್ನು ತಲುಪಿಸಿತು.

ಈ ಕಲಿಕೆಯನ್ನು ವಿವರಿಸಲು ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಶಿಕ್ಷಣತಜ್ಞ ಟೆಡ್ ವಾರ್ಡ್ ಬೇಲಿಯೊಂದನ್ನು ಉದಾಹರಿಸುತ್ತಿದ್ದರು. ಅಡ್ಡಲಾಗಿ ಸಾಗುವ ಎರಡು ಮರದ ಪಟ್ಟಿಗಳಲ್ಲಿ ಒಂದು ಓದು, ಇನ್ನೊಂದು ಸೇವೆಯ ಅನುಭವ. ನಡುನಡುವೆ ನೆಟ್ಟ ಗೂಟಗಳು ಗುರುಶಿಷ್ಯರು ಕೂಡಿ ಚರ್ಚಿಸುವ ಸಭೆಗಳು. ಗೂಟಗಳಿಲ್ಲದಿದ್ದರೆ ಪಟ್ಟಿಗಳು ನಿಲ್ಲುವುದಿಲ್ಲ. ಇಂದಿನ ಮಿಶ್ರ ಡಾಕ್ಟರೇಟ್‌ಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ. ಪುಸ್ತಕದ ಪಟ್ಟಿ ಕಳಿಸಿ, ವಿಡಿಯೊ ಪಾಠ ತೋರಿಸಿ, ಸೇವೆಯ ಬಗ್ಗೆ ವರದಿ ತರಿಸಿಕೊಂಡು, ಎರಡನ್ನೂ ಬೆಸೆಯುವ ಚರ್ಚೆಯನ್ನು ಮಾತ್ರ ಕೈಬಿಟ್ಟ ಕಾರ್ಯಕ್ರಮ ಎಷ್ಟೇ ಆಧುನಿಕವಾಗಿದ್ದರೂ ದುರ್ಬಲವೇ.

ಡಾಕ್ಟರೇಟ್ ಮಟ್ಟದಲ್ಲಿ ಈ ಕ್ರಮವನ್ನು ಗಟ್ಟಿಯಾಗಿ ಕಟ್ಟಿದ ಸಂಸ್ಥೆಗಳಲ್ಲಿ ಆಕ್ಸ್‌ಫರ್ಡ್ ಸೆಂಟರ್ ಫಾರ್ ಮಿಷನ್ ಸ್ಟಡೀಸ್ ಪ್ರಮುಖವಾದದ್ದು. ಅದು 1983ರಲ್ಲಿ ಹುಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ವಿನಯ್ ಸ್ಯಾಮ್ಯುಯೆಲ್ ಬೆಂಗಳೂರಿನಲ್ಲಿ ದಕ್ಷಿಣ ಭಾರತ ಸಭೆಯ ಸಭಾಪಾಲಕರಾಗಿದ್ದವರು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ನಾಯಕರು ಪಾಶ್ಚಾತ್ಯ ದೇಶಕ್ಕೆ ಹೋಗಿ ಹಲವು ವರ್ಷ ಅಲ್ಲೇ ನಿಂತರೆ ತಮ್ಮ ಜನರಿಂದ ದೂರವಾಗುತ್ತಾರೆ, ಅವರು ಹಿಡಿಯುವ ಸಂಶೋಧನೆಯ ಪ್ರಶ್ನೆಗಳೂ ಅಲ್ಲಿಯವೇ ಆಗುತ್ತವೆ ಎಂಬುದು ಸ್ಥಾಪಕರ ಕಾಳಜಿಯಾಗಿತ್ತು. ಅದಕ್ಕೇ ಅಲ್ಲಿ ವಿದ್ಯಾರ್ಥಿ ವರ್ಷಕ್ಕೆ ಸುಮಾರು ಆರು ವಾರ ಆಕ್ಸ್‌ಫರ್ಡ್‌ನಲ್ಲಿದ್ದು ಗ್ರಂಥಾಲಯ, ವಿಚಾರಗೋಷ್ಠಿ, ಗೈಡ್ ಭೇಟಿಗಳಲ್ಲಿ ತೊಡಗುತ್ತಾನೆ. ಮಿಕ್ಕ ಕಾಲ ತನ್ನ ದೇಶದಲ್ಲೇ ಸಂಶೋಧನೆ. ಕೇಂದ್ರಕ್ಕೆ ಮನೆಯಾದದ್ದು ವುಡ್‌ಸ್ಟಾಕ್ ರಸ್ತೆಯ ಸಂತ ಫಿಲಿಪ್ ಮತ್ತು ಸಂತ ಯಾಕೋಬರ ಹಳೆಯ ಚರ್ಚು. ಪದವಿಯನ್ನು ಕೇಂದ್ರವೇ ಕೊಡುವುದಿಲ್ಲ. ಹಿಂದೆ ವೇಲ್ಸ್ ವಿಶ್ವವಿದ್ಯಾಲಯ, ಆಮೇಲೆ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯ ಆ ಪದವಿಗೆ ಮುದ್ರೆ ಒತ್ತಿವೆ.

ವ್ಯಾಸಂಗ ಸಾಗುವ ಬಗೆ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾದರೂ ಹಾದಿ ಹೆಚ್ಚುಕಡಿಮೆ ಒಂದೇ. ಮೊದಲ ಒಂದೆರಡು ವರ್ಷ ಕೋರ್ಸ್‌ವರ್ಕ್: ಸಂಶೋಧನಾ ವಿಧಾನ, ನಾಯಕತ್ವದ ಸಿದ್ಧಾಂತಗಳು, ಬೈಬಲಿನಲ್ಲಿ ಹಾಗೂ ಸಭಾ ಚರಿತ್ರೆಯಲ್ಲಿ ನಾಯಕತ್ವ, ಸಂಸ್ಥೆಗಳ ಆಡಳಿತ, ಸಮಾಜಶಾಸ್ತ್ರ. ಒಂದೇ ವರ್ಷ ಸೇರಿದ ಹತ್ತು ಹದಿನೈದು ಮಂದಿ ಒಂದು ತಂಡವಾಗಿ ಕೊನೆಯವರೆಗೂ ಜೊತೆಯಾಗಿ ಸಾಗುವ ಪದ್ಧತಿ ಹಲವು ಕಡೆ ಇದೆ. ಒಂಟಿಯಾಗಿ ಓದುವವರು ನಡುವೆಯೇ ಕೈಬಿಡುವುದು ಹೆಚ್ಚು. ತಂಡವಿದ್ದರೆ ಒಬ್ಬರನ್ನೊಬ್ಬರು ಎಳೆದುಕೊಂಡು ಹೋಗುತ್ತಾರೆ. ಕೋರ್ಸ್‌ವರ್ಕ್ ಮುಗಿದ ಮೇಲೆ ಸಂಶೋಧನಾ ಪ್ರಸ್ತಾವ, ಅದಕ್ಕೆ ಸಮಿತಿಯ ಒಪ್ಪಿಗೆ, ಕ್ಷೇತ್ರಕಾರ್ಯ, ಬರವಣಿಗೆ, ಮೌಖಿಕ ಪರೀಕ್ಷೆ. ಕೆಲಸದ ಜೊತೆ ಇಷ್ಟನ್ನು ಮುಗಿಸಲು ಸಾಮಾನ್ಯವಾಗಿ ಮೂರರಿಂದ ಆರು ವರ್ಷ ಹಿಡಿಯುತ್ತದೆ. ಕ್ರಿಸ್ಮಸ್ ಮತ್ತು ಈಸ್ಟರ್ ಹಬ್ಬಗಳ ಆಸುಪಾಸಿನ ವಾರಗಳಲ್ಲಿ ಸಭಾಪಾಲಕರಾದ ವಿದ್ಯಾರ್ಥಿಗಳಿಗೆ ಒಂದು ಪುಟ ಬರೆಯಲೂ ಬಿಡುವಿರುವುದಿಲ್ಲ. ಸೇವೆಯ ಪಂಚಾಂಗವನ್ನು ಅರಿತು ಗಡುವು ನಿಗದಿ ಮಾಡುವ ಕಾಲೇಜಿನಲ್ಲಿ ಓದು ಮುಗಿಸುವವರು ಹೆಚ್ಚು ಎಂಬುದು ಸಹಜವಾಗಿ ನಿರೀಕ್ಷಿಸಬಹುದಾದ ಮಾತು.

ಇಡೀ ವ್ಯಾಸಂಗದ ಜೀವ ಇರುವುದು ಪ್ರಶ್ನೆಯ ಆಯ್ಕೆಯಲ್ಲಿ. ‘ಕ್ರೈಸ್ತ ನಾಯಕತ್ವದ ಮಹತ್ವ’ ಎಂಬುದು ಪ್ರಸಂಗಕ್ಕೆ ವಿಷಯವಾದೀತು, ಸಂಶೋಧನೆಗೆ ಆಗದು. ಸಂಶೋಧನೆಗೆ ಇಂಥ ಕಡೆ, ಇಂಥ ಜನರಲ್ಲಿ, ಇಂಥ ಅವಧಿಯಲ್ಲಿ ಎಂಬ ಅಂಚು ಬೇಕು. ಉದಾಹರಣೆಗೆ ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ಹಲವು ಪಂಥಗಳು ಕೂಡಿ ಆದದ್ದು. ಹೆಂಗಸರಿಗೆ ಸಭಾಪಾಲಕರ ದೀಕ್ಷೆ ಕೊಡಲು ಅದು 1970ರ ದಶಕದಲ್ಲೇ ತೊಡಗಿತು. ಆದರೆ ಆ ಸಭೆಯ ಮೊದಲ ಮಹಿಳಾ ಬಿಷಪ್ ಆಗಿ ನಂದ್ಯಾಲದಲ್ಲಿ ಪುಷ್ಪ ಲಲಿತಾ ಅಭಿಷಿಕ್ತರಾದದ್ದು 2013ರಲ್ಲಿ. ಬಾಗಿಲು ತೆರೆದ ಮೇಲೂ ಒಳಗೆ ಬರಲು ಇಷ್ಟು ಕಾಲ ಯಾಕೆ ಹಿಡಿಯಿತು? ಒಂದು ಡಯಾಸಿಸ್‌ನಲ್ಲಿ ದೀಕ್ಷೆ ಪಡೆದ ಹೆಂಗಸರಿಗೆ ಎಂಥ ಸಭೆಗಳನ್ನು ಒಪ್ಪಿಸಿದರು, ಯಾವ ಕಮಿಟಿಗಳಲ್ಲಿ ಸ್ಥಾನ ಕೊಟ್ಟರು, ಸಭಿಕರು ಹೇಗೆ ಸ್ವೀಕರಿಸಿದರು ಎಂದು ಹಿಡಿದು ಹೊರಟರೆ ಅದು ಸಂಶೋಧನೆಯಾಗುತ್ತದೆ, ಆ ಡಯಾಸಿಸ್‌ಗೂ ಕೆಲಸಕ್ಕೆ ಬರುತ್ತದೆ.

ಪ್ರಶ್ನೆಯನ್ನು ಹಿಡಿದ ಮೇಲೆ ಹೇಗೆ ಸಾಗಬೇಕು ಎಂಬುದಕ್ಕೆ ಪ್ರಿನ್ಸ್‌ಟನ್ ಸೆಮಿನರಿಯ ರಿಚರ್ಡ್ ಆಸ್ಮರ್ 2008ರ ತಮ್ಮ ಪುಸ್ತಕದಲ್ಲಿ ಕೊಟ್ಟ ನಾಲ್ಕು ಮೆಟ್ಟಿಲುಗಳನ್ನು ಅನೇಕರು ಅನುಸರಿಸುತ್ತಾರೆ. ಏನು ನಡೆಯುತ್ತಿದೆ ಎಂದು ಮೊದಲು ಕಣ್ಣಿಟ್ಟು ನೋಡುವುದು. ಯಾಕೆ ನಡೆಯುತ್ತಿದೆ ಎಂದು ಸಮಾಜಶಾಸ್ತ್ರ, ಮನಶ್ಶಾಸ್ತ್ರಗಳ ನೆರವಿನಿಂದ ಬಿಡಿಸುವುದು. ವಿಶ್ವಾಸದ ಬೆಳಕಿನಲ್ಲಿ ಏನು ನಡೆಯಬೇಕು ಎಂದು ಕೇಳಿಕೊಳ್ಳುವುದು. ಕೊನೆಗೆ ಈಗ ಮಾಡಬಹುದಾದದ್ದು ಏನು ಎಂದು ತೀರ್ಮಾನಿಸುವುದು. ಭಕ್ತರಾದ ವಿದ್ಯಾರ್ಥಿಗಳು ಮೊದಲ ಎರಡು ಮೆಟ್ಟಿಲು ಹಾರಿ ಮೂರನೆಯದಕ್ಕೆ ಜಿಗಿಯುವುದುಂಟು. ಸಭೆ ಹೀಗಿರಬೇಕು ಎಂದು ಅವರು ಸೊಗಸಾಗಿ ಬರೆಯುತ್ತಾರೆ. ಸಭೆ ಹೇಗಿದೆ ಎಂಬ ಅಧ್ಯಾಯ ಮಾತ್ರ ತೆಳುವಾಗಿರುತ್ತದೆ. ಒಳ್ಳೆಯ ಗೈಡ್ ಅವರನ್ನು ಮತ್ತೆ ಮತ್ತೆ ಮೊದಲ ಮೆಟ್ಟಿಲಿಗೇ ಕರೆತಂದು ನಿಲ್ಲಿಸುತ್ತಾರೆ. ಕೆಲಸ ಮಾಡುತ್ತಲೇ ಸಮಸ್ಯೆಗೆ ಉಪಾಯವನ್ನು ಪ್ರಯೋಗಿಸಿ, ಫಲವನ್ನು ನೋಡಿ, ಉಪಾಯವನ್ನು ತಿದ್ದಿ ಮತ್ತೆ ಪ್ರಯೋಗಿಸುವ ಕ್ರಿಯಾ ಸಂಶೋಧನೆಯೂ ವೃತ್ತಿಪರ ಡಾಕ್ಟರೇಟ್‌ಗೆ ಬಹಳ ಹೊಂದುತ್ತದೆ. 1940ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅದಕ್ಕೆ ರೂಪ ಕೊಟ್ಟರು.

ಇಲ್ಲಿಯೇ ಅತ್ಯಂತ ಸೂಕ್ಷ್ಮವಾದ ತೊಡಕೂ ಎದುರಾಗುತ್ತದೆ. ಸಂಶೋಧನೆ ಮಾಡುವವರೇ ಆ ಸಭೆಯ ಅಯ್ಯನವರು, ಆ ಶಾಲೆಯ ಮುಖ್ಯಸ್ಥರು, ಆ ಆಸ್ಪತ್ರೆಯ ನಿರ್ದೇಶಕರು. ‘ನನ್ನ ನಾಯಕತ್ವದ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂದು ನಿರ್ದೇಶಕರೇ ಕೇಳಿದರೆ ವಾರ್ಡಿನ ನರ್ಸು ಏನು ಹೇಳಿಯಾಳು? ‘ಎಲ್ಲ ಚೆನ್ನಾಗಿದೆ ಸಾರ್’ ಎನ್ನುವುದು ಬಿಟ್ಟು ಆಕೆಗೆ ಬೇರೆ ದಾರಿ ಇರುವುದಿಲ್ಲ. ಅಂಥ ಉತ್ತರಗಳನ್ನು ಕೂಡಿಸಿ ಕೋಷ್ಟಕ ಮಾಡಿದರೆ ಅದು ಸಂಶೋಧನೆಯಲ್ಲ, ಸ್ವಂತ ಅಭಿನಂದನಾ ಗ್ರಂಥ. ಅದಕ್ಕಾಗಿಯೇ ಒಳ್ಳೆಯ ಸಂಸ್ಥೆಗಳಲ್ಲಿ ನೈತಿಕ ಸಮಿತಿಯ ಅನುಮತಿ ಇಲ್ಲದೆ ಕ್ಷೇತ್ರಕಾರ್ಯಕ್ಕೆ ಇಳಿಯುವಂತಿಲ್ಲ. ಸಂದರ್ಶನಕ್ಕೆ ಮೊದಲು ಲಿಖಿತ ಒಪ್ಪಿಗೆ ಪಡೆಯಬೇಕು, ಒಪ್ಪದವರಿಗೆ ಯಾವ ತೊಂದರೆಯೂ ಆಗಬಾರದು, ಹೆಸರು ಮರೆಮಾಚಬೇಕು. ತನ್ನ ಕೈಕೆಳಗಿನವರನ್ನು ಬೇರೊಬ್ಬರಿಂದ ಸಂದರ್ಶನ ಮಾಡಿಸುವುದು ಒಂದು ಉಪಾಯ. ತನ್ನದಲ್ಲದ ಇನ್ನೊಂದು ಸಭೆಯನ್ನು ಹೋಲಿಕೆಗೆ ತೆಗೆದುಕೊಳ್ಳುವುದು ಇನ್ನೊಂದು. ಸಣ್ಣ ಊರಿನಲ್ಲಿ ಹೆಸರು ತೆಗೆದರೂ ವಿವರದಿಂದಲೇ ವ್ಯಕ್ತಿ ಯಾರೆಂದು ಗೊತ್ತಾಗಿಬಿಡುತ್ತದೆ. ಹಾಗಾಗಿ ಯಾವ ವಿವರವನ್ನು ಬಿಡಬೇಕು ಎಂಬುದನ್ನೂ ಸಂಶೋಧಕ ಕಲಿಯಬೇಕು. ಪಾಪನಿವೇದನೆಯಲ್ಲೋ ಆಪ್ತ ಸಮಾಲೋಚನೆಯಲ್ಲೋ ಕೇಳಿದ ಮಾತು ಯಾವ ಕಾರಣಕ್ಕೂ ಪ್ರಬಂಧಕ್ಕೆ ಬರಕೂಡದು.

ಶಿಷ್ಯರ ಪಾದ ತೊಳೆದ ಯೇಸುವಿನ ಪ್ರಸಂಗ ಕ್ರೈಸ್ತ ನಾಯಕತ್ವದ ಪಾಠಗಳಲ್ಲೆಲ್ಲ ಬರುತ್ತದೆ. ಆಳುವವರ ರೀತಿ ನಿಮ್ಮಲ್ಲಿರಬಾರದು, ದೊಡ್ಡವನಾಗಬೇಕೆಂದಿರುವವನು ಸೇವಕನಾಗಲಿ ಎಂಬ ಅರ್ಥದ ಬೋಧನೆ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಉದ್ಯಮ ಜಗತ್ತಿನಲ್ಲೂ 1970ರಲ್ಲಿ ರಾಬರ್ಟ್ ಗ್ರೀನ್‌ಲೀಫ್ ಬರೆದ ಪ್ರಬಂಧದ ನಂತರ ಸೇವಕ ನಾಯಕತ್ವದ ಮಾತು ಹಬ್ಬಿದೆ. ಸಂಶೋಧನೆಗೆ ಇಳಿದ ನಾಯಕನಿಗೆ ಈ ಬೋಧನೆ ನೇರವಾಗಿ ಪರೀಕ್ಷೆ ಒಡ್ಡುವುದು ಕ್ಷೇತ್ರಕಾರ್ಯದಲ್ಲಿ. ತನ್ನ ಬಗ್ಗೆ ಜನ ಹೇಳುವ ಕಹಿ ಮಾತನ್ನು ತಿದ್ದದೆ ಬರೆದುಕೊಳ್ಳುವುದು, ಅದನ್ನು ಹೇಳಿದವರನ್ನು ಕಾಪಾಡುವುದು ಸಣ್ಣ ಕೆಲಸವಲ್ಲ.

ಭಾಷೆಯ ತೊಡಕು ಕನ್ನಡದ ವಿದ್ಯಾರ್ಥಿಗಳಿಗೆ ದೊಡ್ಡದು. ಸಂದರ್ಶನಗಳು ಕನ್ನಡದಲ್ಲಿ, ಕರಾವಳಿಯಾದರೆ ತುಳು ಅಥವಾ ಕೊಂಕಣಿಯಲ್ಲಿ ನಡೆಯುತ್ತವೆ. ಮಹಾಪ್ರಬಂಧವನ್ನು ಬಹುತೇಕ ಇಂಗ್ಲಿಷಿನಲ್ಲೇ ಬರೆಯಬೇಕು. ಬೀದರ್ ಕಡೆಯ ಹಿರಿಯರೊಬ್ಬರ ಮಾತಿನ ಕಾವು ಇಂಗ್ಲಿಷಿಗೆ ಇಳಿಯುವಾಗ ಆರಿಹೋಗುತ್ತದೆ. ಮೂಲ ಕನ್ನಡದ ಮಾತನ್ನೇ ಅನುಬಂಧದಲ್ಲಿ ಉಳಿಸುವ ಸಂಶೋಧಕರು ಮುಂದಿನವರಿಗೆ ಉಪಕಾರ ಮಾಡುತ್ತಾರೆ. ಆಕರಗಳ ವಿಷಯದಲ್ಲಿ ಮಾತ್ರ ಕರ್ನಾಟಕ ಶ್ರೀಮಂತವಾಗಿದೆ. 1910ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ದಕ್ಷಿಣ ಭಾರತದ ಮಿಷನ್ ದಾಖಲೆಗಳ ದೊಡ್ಡ ಭಂಡಾರವಿದೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, 1847ರಲ್ಲಿ ಹರ್ಮನ್ ಮೋಗ್ಲಿಂಗ್ ಆರಂಭಿಸಿದ ಬಾಸೆಲ್ ಮಿಷನ್ ಸೆಮಿನರಿಯ ಪರಂಪರೆಯದು. ಅಲ್ಲಿಯೂ ಹಳೆಯ ಕನ್ನಡ ಮುದ್ರಣಗಳಿವೆ. ಮಿಷನರಿಗಳು ಬರೆದ ಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿವೆ, ಬಹಳಷ್ಟು ಹಳೆಯ ಜರ್ಮನ್ ಕೈಬರಹದಲ್ಲಿ. ಅಲ್ಲಿನ ಚಿತ್ರ ಸಂಗ್ರಹವನ್ನು ಈಗ ಮಂಗಳೂರಿನಲ್ಲೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು. ಊರಲ್ಲೇ ಇದ್ದು ಓದುವವರಿಗೆ ಇದರಿಂದ ಆದ ಲಾಭ ದೊಡ್ಡದು.

ಇನ್ನು ಮಾನ್ಯತೆಯ ಮಾತು. ಸೇರುವ ಮೊದಲೇ ತಿಳಿದಿರಬೇಕಾದ ಸಂಗತಿ ಇದು. ಭಾರತದಲ್ಲಿ ದೇವಶಾಸ್ತ್ರದ ಪದವಿಗಳಿಗೆ ಹಳೆಯ ಅಡಿಪಾಯ ಬಂಗಾಳದ ಸೆರಾಂಪುರ. ಮಿಷನರಿಗಳಾದ ಕ್ಯಾರಿ, ಮಾರ್ಷ್‌ಮನ್, ವಾರ್ಡ್ 1818ರಲ್ಲಿ ಅಲ್ಲಿ ಕಾಲೇಜು ತೆರೆದರು. ಆ ಊರು ಆಗ ಡೆನ್ಮಾರ್ಕಿನ ವಶದಲ್ಲಿತ್ತು. 1827ರಲ್ಲಿ ಡೆನ್ಮಾರ್ಕಿನ ದೊರೆ 6ನೇ ಫ್ರೆಡರಿಕ್ ಪದವಿ ಕೊಡುವ ಸನದನ್ನು ಕಾಲೇಜಿಗೆ ದಯಪಾಲಿಸಿದ. 1918ರಲ್ಲಿ ಬಂಗಾಳದ ಶಾಸನ ಅದಕ್ಕೆ ಈಗಿನ ಸೆನೆಟ್‌ನ ರೂಪ ಕೊಟ್ಟಿತು. ಮೇಲೆ ಹೇಳಿದ ಬೆಂಗಳೂರು, ಮಂಗಳೂರುಗಳ ಎರಡೂ ಕಾಲೇಜುಗಳು ಈ ಸೆನೆಟ್‌ಗೆ ಸೇರಿದವು. ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್‌ನಂಥ ಒಕ್ಕೂಟಗಳು ಬೇರೆ ಬಗೆಯ ಮಾನ್ಯತೆ ಕೊಡುತ್ತವೆ. ಅದು ಸಭೆಗಳ, ಸೆಮಿನರಿಗಳ ವಲಯದಲ್ಲಿ ನಡೆಯುವ ಮಾನ್ಯತೆಯೇ ಹೊರತು ಸರ್ಕಾರಿ ನೌಕರಿಗೆ ಒದಗುವಂಥದ್ದಲ್ಲ. ಇಂಥ ಸೆಮಿನರಿಗಳು 2010ರಲ್ಲಿ ಬೈರೂತ್‌ನಲ್ಲಿ ಸೇರಿ ಡಾಕ್ಟರೇಟ್‌ಗೆ ಒಂದಿಷ್ಟು ಮಾನದಂಡಗಳನ್ನು ಒಪ್ಪಿಕೊಂಡವು. ಸ್ವಂತಿಕೆ, ವಿಮರ್ಶೆಯ ಶಕ್ತಿಗಳ ಜೊತೆಗೆ ಸಂಶೋಧಕನ ಸ್ವಂತ ಸಂದರ್ಭಕ್ಕೆ ಅದು ಸಲ್ಲುತ್ತದೆಯೇ ಎಂಬುದೂ ಅವುಗಳಲ್ಲಿ ಒಂದು.

ವಿಶ್ವವಿದ್ಯಾಲಯದ ಪಿಎಚ್‌.ಡಿ. ಬೇಕೆನ್ನುವವರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳು ಅನ್ವಯಿಸುತ್ತವೆ. ಅರೆಕಾಲಿಕ ಪಿಎಚ್‌.ಡಿ.ಗೆ ಅವಕಾಶವಿದೆ, ಕೆಲಸ ಕೊಟ್ಟ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅವಧಿ ಕನಿಷ್ಠ ಮೂರು ವರ್ಷ, ಸಾಮಾನ್ಯ ಮಿತಿ ಆರು ವರ್ಷ. ಹೆಂಗಸರಿಗೂ ಅಂಗವಿಕಲರಿಗೂ ಎರಡು ವರ್ಷದ ಹೆಚ್ಚುವರಿ ರಿಯಾಯಿತಿ ಇದೆ. ಆದರೆ ದೂರಶಿಕ್ಷಣ ಅಥವಾ ಪೂರ್ತಿ ಆನ್‌ಲೈನ್ ಪಿಎಚ್‌.ಡಿ.ಗೆ ಅನುಮತಿ ಇಲ್ಲ. ವಿದೇಶಿ ಸಂಸ್ಥೆಗಳ ಹೆಸರಿನಲ್ಲಿ ಕಂಪನಿಗಳು ಮಾರುವ ಆನ್‌ಲೈನ್ ಪಿಎಚ್‌.ಡಿ.ಗಳಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2022ರ ಅಕ್ಟೋಬರ್‌ನಲ್ಲಿ ಒಟ್ಟಾಗಿ ಎಚ್ಚರಿಸಿದವು. ಸಭೆಯ ವಲಯದಲ್ಲಿ ಈ ಎಚ್ಚರಿಕೆ ಹೆಚ್ಚು ಅಗತ್ಯ. ಹಣ ಕಟ್ಟಿದರೆ ಒಂದೇ ಸಮಾರಂಭದಲ್ಲಿ ನಿಲುವಂಗಿ ತೊಡಿಸಿ ‘ಗೌರವ ಡಾಕ್ಟರೇಟ್’ ಹಂಚುವವರ ಬಲೆಗೆ ಬಿದ್ದ ಸೇವಕರು ಕಡಿಮೆಯಿಲ್ಲ. ನಿಜವಾದ ಗೌರವ ಡಾಕ್ಟರೇಟ್‌ನ ದಾರಿಯೇ ಬೇರೆ. ದಶಕಗಳ ದುಡಿಮೆಯ ಕನ್ನಡ ನಿಘಂಟು 1894ರಲ್ಲಿ ಹೊರಬಂದ ಮೇಲೆ ಫರ್ಡಿನೆಂಡ್ ಕಿಟ್ಟೆಲ್ ಅವರಿಗೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ತಾನಾಗಿ ಆ ಗೌರವ ನೀಡಿತು.

ಸಲ್ಲಿಸಿದ ಮಹಾಪ್ರಬಂಧವನ್ನು ಮೊದಲು ಕೃತಿಚೌರ್ಯ ಪತ್ತೆಯ ತಂತ್ರಾಂಶದಲ್ಲಿ ಹಾಯಿಸುತ್ತಾರೆ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. ಬೇರೆಯವರ ಪ್ರಸಂಗಗಳಿಂದ ಧಾರಾಳವಾಗಿ ಎತ್ತಿಕೊಂಡು ರೂಢಿಯಾದವರು ಈ ಹಂತದಲ್ಲಿ ಕಷ್ಟಪಡುತ್ತಾರೆ. ಆಮೇಲೆ ಹೊರಗಿನ ಪರೀಕ್ಷಕರ ವರದಿ, ಮೌಖಿಕ ಪರೀಕ್ಷೆ. ವಿಶ್ವವಿದ್ಯಾಲಯಗಳಲ್ಲಿ ಒಪ್ಪಿತವಾದ ಪ್ರಬಂಧದ ಪ್ರತಿ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರಕ್ಕೆ ಸೇರಿ ಯಾರು ಬೇಕಾದರೂ ಓದುವಂತಾಗುತ್ತದೆ. ಸಂದರ್ಶನ ಕೊಟ್ಟ ಸಭಿಕರಿಗೆ ಇಂಗ್ಲಿಷಿನ ಮುನ್ನೂರು ಪುಟ ಓದುವುದು ಆಗದ ಮಾತು. ಅದಕ್ಕಾಗಿ ಕೆಲವು ಮಾರ್ಗದರ್ಶಕರು ಸಂಶೋಧನೆಯ ಸಾರವನ್ನು ಹತ್ತಿಪ್ಪತ್ತು ಪುಟದ ಕನ್ನಡ ಕಿರುಹೊತ್ತಿಗೆಯಾಗಿ ಬರೆಸಿ, ಅದನ್ನು ಸಭೆಯ ಮುಂದೆ ಓದಿಸಿ, ಅಲ್ಲಿ ಬಂದ ಆಕ್ಷೇಪಗಳನ್ನೂ ದಾಖಲಿಸಿಕೊಳ್ಳುವಂತೆ ಹೇಳುತ್ತಾರೆ. ವೃತ್ತಿಪರ ಡಾಕ್ಟರೇಟ್‌ನಲ್ಲಿ ಈ ಓದನ್ನು ಸಂಶೋಧನೆಯ ಕೊನೆಯ ಹಂತವಾಗಿಯೇ ಸೇರಿಸಬಹುದು. ಆಗ ಸಭಿಕರ ಪ್ರತಿಕ್ರಿಯೆಯೂ ಪ್ರಬಂಧದ ಒಂದು ಅಧ್ಯಾಯವಾಗಿ ಪರೀಕ್ಷಕರ ಕೈ ಸೇರುತ್ತದೆ.